ಓದುಗರ ಪ್ರಶ್ನೆ: ಬಿಸಿಲು ಬಿದ್ದಾಗ ದುಡಿಯುವ ನ್ಯಾನೋಜೈಮ್

ಕಿಣ್ವಗಳು ಮಾಡುವ ಕೆಲಸವನ್ನೇ ಮಾಡುವ ಅತಿ ಸಣ್ಣ ಪುಡಿಗಳಿವೆ, ಅವಕ್ಕೆ ನ್ಯಾನೋಜೈಮ್ ಅನ್ನುತ್ತಾರೆ, ಅವುಗಳಲ್ಲಿ ಕೆಲವು ಬೆಳಕು ಬಿದ್ದರೆ ಮಾತ್ರ ಕೆಲಸಕ್ಕಿಳಿಯುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಪತ್ರಗಳು ಜಾಸ್ತಿಯೇ ಬಂದಿವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನ್ಯಾನೋಜೈಮ್ ಅಂದರೆ ಏನು ಅಂತ ಸರಿಯಾಗಿ ಗೊತ್ತಾಗಲಿಲ್ಲ ಸರ್. ಕಿಣ್ವ ಇರೋದು ಜೀವ ಇರುವ ಕಡೆ ಅಲ್ವಾ? ಕಬ್ಬಿಣದ ಪುಡಿ ಕಿಣ್ವ ಆಗೋದು ಹೇಗೆ? — ಓದುಗರು, ಹಾಸನ

ಬದನೆಕಾಯಿ ಹೆಚ್ಚಿದ ತಕ್ಷಣ ನೀರಿಗೆ ಹಾಕುತ್ತೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ಹಾಗೇ ಬಿಟ್ಟರೆ ಹೋಳು ಕಪ್ಪಾಗುತ್ತದೆ. ಚಾಕು ತಾಗಿದ ಕಡೆ ಜೀವಕೋಶ ಒಡೆಯುತ್ತದೆ, ಅದರೊಳಗಿದ್ದ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯಲ್ಲಿರುವ ಆಮ್ಲಜನಕ ಹಿಡಿದುಕೊಂಡು ಬದನೆಯ ಫೀನಾಲ್‌ಗಳನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ನೀರಲ್ಲಿ ಮುಳುಗಿಸಿದರೆ ಗಾಳಿ ಅಷ್ಟಾಗಿ ತಾಗುವುದಿಲ್ಲ, ಹೋಳು ಬೆಳ್ಳಗೇ ಉಳಿಯುತ್ತದೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸಬುಸ ನೊರೆ ಬರುತ್ತದಲ್ಲ, ಅದೂ ಕಿಣ್ವದ ಕೆಲಸವೇ. ರಕ್ತದಲ್ಲಿರುವ ಕ್ಯಾಟಲೇಸ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದೊಂದು ಕ್ಯಾಟಲೇಸ್ ಅಣುವೂ ಸೆಕೆಂಡಿಗೆ ಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ಮುಗಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ.

ಈ ಕಿಣ್ವಗಳೆಲ್ಲ ಪ್ರೊಟೀನುಗಳು. ಆದರೆ ಒಳಗೆ ಇಣುಕಿದರೆ ನಿಜವಾಗಿ ದುಡಿಯುವುದು ಎಷ್ಟೋ ಸಲ ಒಂದೆರಡು ಲೋಹದ ಪರಮಾಣು ಅಷ್ಟೇ. ಕ್ಯಾಟಲೇಸ್‌ನಲ್ಲಿ ಕಬ್ಬಿಣ, ಬದನೆಯ ಕಿಣ್ವದಲ್ಲಿ ತಾಮ್ರ. ಸುತ್ತಲಿನ ದೊಡ್ಡ ಪ್ರೊಟೀನು ಆ ಲೋಹವನ್ನು ಸರಿಯಾದ ಭಂಗಿಯಲ್ಲಿ ಹಿಡಿದಿರುತ್ತದೆ, ಯಾವ ಅಣು ಒಳಗೆ ಬರಬೇಕು, ಯಾವುದು ಬರಬಾರದು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ಹಾಗಾದರೆ ಪ್ರೊಟೀನು ಬಿಟ್ಟು ಲೋಹದ ಭಾಗವನ್ನಷ್ಟೇ ಬೇರೆ ಥರ ಕಟ್ಟಿದರೆ ಹೇಗೆ ಅನ್ನುವ ಯೋಚನೆ ಹಳೆಯದು.

2004ರಲ್ಲಿ ಇಟಲಿಯ ಪಾವೊಲೊ ಸ್ಕ್ರಿಮಿನ್ ತಂಡ ಚಿನ್ನದ ನ್ಯಾನೋ ಕಣಗಳ ಮೇಲೆ ಲೋಹ ಹಿಡಿಯುವ ಅಣುಗಳನ್ನು ಕೂರಿಸಿ, ಅದಕ್ಕೆ ನ್ಯಾನೋಜೈಮ್ ಅಂತ ಹೆಸರಿಟ್ಟಿತು. ದೊಡ್ಡ ತಿರುವು ಬಂದಿದ್ದು 2007ರಲ್ಲಿ. ಬೀಜಿಂಗ್‌ನ ಯಾನ್ ಶಿಯುನ್ ಅವರ ತಂಡ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಅದರ ನ್ಯಾನೋ ಕಣಗಳು ಮೇಲೆ ಏನನ್ನೂ ಕೂರಿಸದೆಯೇ ಪೆರಾಕ್ಸಿಡೇಸ್ ಕಿಣ್ವದ ಹಾಗೆ, ಅಂದರೆ ಪೆರಾಕ್ಸೈಡ್ ಬಳಸಿ ಬೇರೆ ಅಣುವಿನ ಎಲೆಕ್ಟ್ರಾನ್ ತೆಗೆಯುವ ಕಿಣ್ವದ ಹಾಗೆ, ವರ್ತಿಸುತ್ತವೆ ಎಂದು ತೋರಿಸಿತು. ಅಲ್ಲಿಯವರೆಗೆ ಆ ಕಣ ಏನೂ ಮಾಡದೆ ಸುಮ್ನೆ ಇರುತ್ತದೆ, ಅಯಸ್ಕಾಂತದಿಂದ ಎಳೆಯುವುದಕ್ಕೆ ಮಾತ್ರ ಉಪಯೋಗ ಎಂದೇ ಎಲ್ಲರೂ ತಿಳಿದಿದ್ದರು. 300 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೋಮೀಟರ್) ಕಣಕ್ಕಿಂತ 30 ನ್ಯಾನೋಮೀಟರ್ ಕಣ ಜಾಸ್ತಿ ಚುರುಕು ಅನ್ನುವುದೂ ಅದೇ ಪ್ರಯೋಗದಲ್ಲಿ ಗೊತ್ತಾಯಿತು.

ಸಣ್ಣದಾದಷ್ಟೂ ಚುರುಕು ಯಾಕೆ? ಕೆಲಸ ನಡೆಯುವುದು ಕಣದ ಮೈಮೇಲೆ, ಹೊಟ್ಟೆಯೊಳಗಲ್ಲ. ಒಂದು ಸೆಂಟಿಮೀಟರ್ ಉದ್ದಗಲದ ಗಟ್ಟಿಯೊಂದರ ಮೈ ಬರೀ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೈ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ಐದು 30×40 ಸೈಟು ಹಾಸಿ ಇನ್ನೂ ಸ್ವಲ್ಪ ಮಿಗುತ್ತದೆ. ಬಟಾಣಿ ಗಾತ್ರದ ವಸ್ತುವಿನಿಂದ ಇಷ್ಟು!

ಪ್ರಶ್ನೆ: ಒಳ್ಳೆ ಕಿಣ್ವ ಪ್ರಕೃತಿಯಲ್ಲೇ ಇರುವಾಗ ನಕಲಿ ಯಾಕೆ ಬೇಕು? — ಓದುಗರು, ಕುಂದಾಪುರ

ಎಲ್ಲ ಕಡೆ ಬೇಕಿಲ್ಲ. ಬಟ್ಟೆ ಸೋಪಿನ ಪುಡಿಯಲ್ಲಿ ಇರೋದು ನಿಜವಾದ ಕಿಣ್ವವೇ, ಅದು ಅಗ್ಗ, ಚೆನ್ನಾಗಿಯೂ ಕೆಲಸ ಮಾಡುತ್ತದೆ, ಅದನ್ನು ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ರೋಗ ಪತ್ತೆಯ ಕಿಟ್‌ಗಳಲ್ಲಿ ಬಳಸುವ ಕಿಣ್ವಗಳನ್ನು ಫ್ರಿಜ್‌ನಲ್ಲಿ ಇಡಬೇಕು, ಬಿಸಿ ತಾಗಿದರೆ ಕೆಡುತ್ತವೆ, ಆಮ್ಲ ಕ್ಷಾರ ಹೆಚ್ಚು ಕಮ್ಮಿಯಾದರೂ ಕೆಡುತ್ತವೆ. ಬೇಸಿಗೆಯಲ್ಲಿ ಕರೆಂಟು ಕೈಕೊಡುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ, ಅಥವಾ ಕಾರ್ಖಾನೆಯ ಬಿಸಿ ಕೊಳಕು ನೀರಿಗೆ ಅದು ಒಗ್ಗುವುದಿಲ್ಲ. ಕಪಾಟಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೂ ಕೆಡದ ಪುಡಿಗೆ ಬೆಲೆ ಬರುವುದು ಅಲ್ಲಿ.

ಪ್ರಶ್ನೆ: ಬೆಳಕಿಗೂ ಇದಕ್ಕೂ ಏನು ಸಂಬಂಧ? ದೀಪ ಹಾಕಿದರೆ ಪುಡಿಗೆ ಹೇಗೆ ಗೊತ್ತಾಗುತ್ತೆ? — ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಮೊದಲು ಪ್ರಯೋಗ ಹೇಗಿರುತ್ತದೆ ನೋಡು. ಸಣ್ಣ ಗಾಜಿನ ಕೊಳವೆಯಲ್ಲಿ ಬಣ್ಣವೇ ಇಲ್ಲದ ದ್ರವ. ಅದರಲ್ಲಿ ಟಿಎಂಬಿ ಎಂಬ ರಾಸಾಯನಿಕ ಇದೆ, ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ ನೀಲಿಯಾಗುತ್ತದೆ. ಚಿಟಿಕೆ ನ್ಯಾನೋ ಪುಡಿ ಹಾಕಿ ಕತ್ತಲಲ್ಲಿಟ್ಟರೆ ಏನೂ ಆಗುವುದಿಲ್ಲ. ದೀಪ ಹಾಕಿದರೆ ಮೊದಲು ತಿಳಿನೀಲಿ, ನೋಡುತ್ತಿದ್ದ ಹಾಗೆ ಗಾಢ ನೀಲಿ. ದೀಪ ಆರಿಸಿದರೆ ಬಣ್ಣ ಇದ್ದಷ್ಟಕ್ಕೇ ನಿಲ್ಲುತ್ತದೆ, ಮತ್ತೆ ಹಚ್ಚಿದರೆ ಮತ್ತೆ ಏರುತ್ತದೆ.

ಒಳಗೆ ನಡೆಯುವುದು ಇಷ್ಟು. ಈ ಪುಡಿಗಳಲ್ಲಿ ಬಹಳಷ್ಟು ಅರೆವಾಹಕಗಳು, ನಿನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಸಿಲಿಕಾನ್ ಬಗ್ಗೆ ಓದಿದ್ದೀಯಲ್ಲ, ಅದೇ ಜಾತಿ. ತಕ್ಕಷ್ಟು ಶಕ್ತಿ ಇರುವ ಬೆಳಕು ಬಿದ್ದರೆ ಒಂದು ಎಲೆಕ್ಟ್ರಾನ್ ಮೇಲಿನ ಪಟ್ಟಿಗೆ ಜಿಗಿಯುತ್ತದೆ, ಕೆಳಗೆ ಅದರ ಜಾಗ ಖಾಲಿ ಉಳಿಯುತ್ತದೆ. ಜಿಗಿದ ಎಲೆಕ್ಟ್ರಾನು ನೀರಲ್ಲಿ ಕರಗಿರುವ ಆಮ್ಲಜನಕಕ್ಕೆ ಸಿಕ್ಕರೆ ಅದು ಸೂಪರ್‌ಆಕ್ಸೈಡ್ ಆಗುತ್ತದೆ, ಅದು ಬಹಳ ಚುರುಕಿನ ಜಾತಿ. ಖಾಲಿ ಜಾಗವೂ ಸುಮ್ಮನಿರುವುದಿಲ್ಲ, ಪಕ್ಕದಲ್ಲಿ ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಇಬ್ಬರೂ ಸೇರಿ ಟಿಎಂಬಿಯನ್ನು ನೀಲಿ ಮಾಡುತ್ತಾರೆ. ಮೇಲೆ ಹೇಳಿದ ಬದನೆಯ ಕಿಣ್ವ ಮಾಡುವುದೂ ಇದೇ ಕೆಲಸ, ಗಾಳಿಯ ಆಮ್ಲಜನಕ ಬಳಸಿ ಬೇರೆ ಅಣುವಿನ ಎಲೆಕ್ಟ್ರಾನ್ ತೆಗೆಯುವುದು. ಹಾಗಾಗಿ ಇದನ್ನು ಆಕ್ಸಿಡೇಸ್ ಥರದ್ದು ಅನ್ನುತ್ತಾರೆ.

2007ರ ಕಬ್ಬಿಣದ ಕಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಲೇಬೇಕಿತ್ತು. ಬೆಳಕಿನ ಪುಡಿಗಳಲ್ಲಿ ಬಹಳಷ್ಟಕ್ಕೆ ಅದು ಬೇಡ, ಗಾಳಿ ಮತ್ತು ಬೆಳಕು ಸಾಕು. ಜೊತೆಗೆ ಬೇಕಾದಾಗ ಹಚ್ಚುವ, ಬೇಡವಾದಾಗ ಆರಿಸುವ ಸ್ವಿಚ್ಚು ನಮ್ಮ ಕೈಯಲ್ಲೇ ಇರುತ್ತದೆ. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಇದೇ.

ಯಾವ ಬೆಳಕು ಅನ್ನುವುದೂ ಮುಖ್ಯ. ಬೆಳಕಿನ ವೇಗವರ್ಧಕ, ಅಂದರೆ ಬೆಳಕು ಬಿದ್ದಾಗ ತಾನು ಖರ್ಚಾಗದೆ ಕ್ರಿಯೆಯ ವೇಗ ಏರಿಸುವ ವಸ್ತು, ಅಂದ ಕೂಡಲೇ ಮೊದಲು ನೆನಪಾಗುವುದು ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಪೇಂಟಿನಲ್ಲಿ ಇರುವ ಅದೇ ಬಿಳಿ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅದರ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದರು, ಅಲ್ಲಿಂದ ಈ ಓಟ ಶುರುವಾಯಿತು. ಆದರೆ ಅದರ ಎಲೆಕ್ಟ್ರಾನನ್ನು ಎಬ್ಬಿಸಲು ಸುಮಾರು 3.2 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು, ಅಂದರೆ ಅತಿನೇರಳೆ ಕಿರಣವೇ ಆಗಬೇಕು. ನೆಲಕ್ಕೆ ಬೀಳುವ ಬಿಸಿಲಲ್ಲಿ ಅದು ನೂರಕ್ಕೆ ಐದರಷ್ಟು ಸಿಕ್ಕರೆ ಹೆಚ್ಚು. ಉಳಿದದ್ದೆಲ್ಲ ದಂಡ. ಅದಕ್ಕೇ ಕಾರ್ಬನ್ ನೈಟ್ರೈಡ್ ಕಡೆ ಜನ ತಿರುಗಿದ್ದು. ಅದಕ್ಕೆ 2.7 ಎಲೆಕ್ಟ್ರಾನ್‌ವೋಲ್ಟ್ ಸಾಕು, ನೀಲಿ ಬೆಳಕಿನಲ್ಲೂ ಏಳುತ್ತದೆ. ಲೋಹವೇ ಇಲ್ಲದ ಹಳದಿ ಪುಡಿ ಅದು. ಯೂರಿಯಾವನ್ನು ಕುಲುಮೆಯಲ್ಲಿ 550 ಡಿಗ್ರಿ ಆಸುಪಾಸು ಕಾಯಿಸಿದರೆ ಸಿಗುತ್ತದೆ. ಮನೆಯಲ್ಲಿ ಮಾಡಲು ಹೋಗಬೇಡ, ಅಮೋನಿಯಾ ಹೊಗೆ ಏಳುತ್ತದೆ.

ಪ್ರಶ್ನೆ: ಪ್ರಕೃತಿಯಲ್ಲೇ ಬೆಳಕಿನಿಂದ ಕೆಲಸ ಮಾಡುವ ಕಿಣ್ವ ಇದೆಯೇ? ಮಕ್ಕಳು ಕೇಳಿದರು, ದ್ಯುತಿಸಂಶ್ಲೇಷಣೆ ಬಿಟ್ಟು ಬೇರೆ ಹೇಳಲು ನನಗೆ ತೋಚಲಿಲ್ಲ. — ಶಿಕ್ಷಕಿ, ಬಾಗಲಕೋಟೆ

ಇವೆ ಮೇಡಂ, ಆದರೆ ಬೆರಳಲ್ಲಿ ಎಣಿಸುವಷ್ಟೇ. ಬಹುತೇಕ ಕಿಣ್ವಗಳಿಗೆ ಕತ್ತಲೆಯೂ ಒಂದೇ ಬೆಳಕೂ ಒಂದೇ.

ನಿಮ್ಮ ಮಕ್ಕಳಿಗೆ ತೋರಿಸಬಹುದಾದ್ದು ಒಂದಿದೆ. ನಿಮ್ಮ ಕಡೆ ನವರಾತ್ರಿಯಲ್ಲಿ ಘಟ ಇಟ್ಟು ಕಾಳು ಹಾಕುತ್ತೀರಲ್ಲ, ದೇವರಮನೆಯ ಕತ್ತಲಲ್ಲಿ ಏಳುವ ಸಸಿ ಹಳದಿ ಇರುತ್ತದೆ. ನೀರು ಕಮ್ಮಿಯಾಗಿ ಹಾಗಾಗಿದ್ದಲ್ಲ. ಹಸಿರು ಬಣ್ಣದ ಕ್ಲೋರೋಫಿಲ್ ತಯಾರಾಗುವ ದಾರಿಯಲ್ಲಿ ಕೊನೆಯ ಹಂತಗಳ ಪೈಕಿ ಒಂದನ್ನು ನಡೆಸುವ ಕಿಣ್ವ ಇದೆ, ಚಿಕ್ಕದಾಗಿ ಎಲ್‌ಪಿಒಆರ್ ಅನ್ನುತ್ತಾರೆ. ಅದಕ್ಕೆ ಬೆಳಕು ಬಿದ್ದೇ ತೀರಬೇಕು. ಹೂ ಬಿಡುವ ಗಿಡಗಳಲ್ಲಿ ಆ ಹಂತಕ್ಕೆ ಬೇರೆ ದಾರಿ ಇಲ್ಲ. ಕತ್ತಲಲ್ಲಿ ಕಚ್ಚಾ ಮಾಲು, ಕಿಣ್ವ ಎರಡೂ ಸಿದ್ಧವಾಗಿ ಕಾಯುತ್ತಾ ಕೂತಿರುತ್ತವೆ. ಒಂದು ಬಟ್ಟಲು ಹೆಸರುಕಾಳನ್ನು ಕತ್ತಲಲ್ಲೇ ಮೊಳಕೆ ಬರಿಸಿ, ಎರಡು ಎಲೆ ಬಂದ ಮೇಲೆ ಕಿಟಕಿಗೆ ತಂದಿಡಿ. ಕೆಲವೇ ಗಂಟೆಗಳಲ್ಲಿ ಹಸಿರು ಏರುವುದು ಮಕ್ಕಳಿಗೇ ಕಾಣುತ್ತದೆ.

ಇನ್ನೊಂದು ಫೋಟೋಲಯೇಸ್. ಅತಿನೇರಳೆ ಕಿರಣದಿಂದ ಡಿಎನ್‌ಎಯಲ್ಲಿ ಪಕ್ಕಪಕ್ಕದ ಎರಡು ಕೊಂಡಿ ಅಂಟಿಕೊಂಡು ಹಾಳಾದರೆ, ಈ ಕಿಣ್ವ ನೀಲಿ ಬೆಳಕು ಹೀರಿ ಅವನ್ನು ಬಿಡಿಸುತ್ತದೆ. ಬ್ಯಾಕ್ಟೀರಿಯಾ, ಗಿಡ, ಮೀನು, ಕಪ್ಪೆ, ಕಾಂಗರೂಗಳಲ್ಲೆಲ್ಲ ಇದೆ. ಮನುಷ್ಯರೂ ಸೇರಿದಂತೆ ಮಾಸು ಇರುವ ಸಸ್ತನಿಗಳಿಗೆ ಇಲ್ಲ, ನಾವು ಬೇರೆ ಉದ್ದನೆಯ ದಾರಿಯಲ್ಲಿ ರಿಪೇರಿ ಮಾಡಿಕೊಳ್ಳುತ್ತೇವೆ. ಮೂರನೆಯದು ಸಿಕ್ಕಿದ್ದು ತೀರಾ ಈಚೆಗೆ. 2017ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕ್ಲೋರೆಲ್ಲಾ ಎಂಬ ಸಣ್ಣ ಪಾಚಿಯಲ್ಲಿ ಕೊಬ್ಬಿನ ಆಮ್ಲವನ್ನು ನೀಲಿ ಬೆಳಕಿನ ಬಲದಿಂದ ಪೆಟ್ರೋಲು ಡೀಸೆಲ್ ಜಾತಿಯ ಹೈಡ್ರೋಕಾರ್ಬನ್ ಮಾಡುವ ಕಿಣ್ವ ಕಂಡುಹಿಡಿದರು.

ನೂರಾರು ಕೋಟಿ ವರ್ಷ ಬಿಸಿಲಲ್ಲೇ ಬದುಕಿದ ಜೀವಲೋಕ ಬೆಳಕಿನ ಕಿಣ್ವಗಳನ್ನು ಇಷ್ಟು ಕಮ್ಮಿ ಇಟ್ಟುಕೊಂಡಿದೆ. ಬಹುಶಃ ಕಾರಣ ಇದಿರಬಹುದು: ಬೆಳಕು ಹೀರಿದ ಅಣು ಯಾರ ಮೇಲೆ ಬೀಳುತ್ತದೆ ಹೇಳಲಾಗದು, ಅದನ್ನು ಅಂಕೆಯಲ್ಲಿಡುವುದು ಜೀವಕೋಶಕ್ಕೂ ಕಷ್ಟವೇ. ನ್ಯಾನೋಜೈಮ್ ಮಾಡುವವರಿಗೂ ಇದೇ ತಲೆನೋವು, ಮುಂದಿನ ಉತ್ತರಗಳಲ್ಲಿ ಮತ್ತೆ ಬರುತ್ತದೆ.

ಪ್ರಶ್ನೆ: ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ. ಬಿಸಿಲಲ್ಲಿ ಬಣ್ಣದ ನೀರು ತಿಳಿ ಮಾಡುವ ಪುಡಿ ಬೆಂಗಳೂರಲ್ಲೇ ಕಂಡುಹಿಡಿದಿದ್ದಾರೆ ಅಂತ ಪೇಪರಿನಲ್ಲಿ ಓದಿದೆ. ಎಲ್ಲಿ ಸಿಗುತ್ತೆ? ಒಬ್ಬರು ನ್ಯಾನೋ ಪುಡಿ ಅಂತ ಮಾರಲೂ ಬಂದಿದ್ದರು. — ಓದುಗರು, ದೊಡ್ಡಬಳ್ಳಾಪುರ

ನೀವು ಓದಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಕೆಲಸದ ಬಗ್ಗೆ ಇರಬೇಕು. ಅಲ್ಲಿನ ಸುಬಿನಯ್ ರಾಣಾ ಅವರ ತಂಡ ನ್ಯಾನೋಪಿಟಿಎ ಎಂಬ, ಪ್ಲಾಟಿನಂ ಇರುವ ನ್ಯಾನೋಜೈಮ್ ಮಾಡಿದೆ. ನೀರಲ್ಲಿ ಅದು ಪಟ್ಟಿಯಂಥ ರಚನೆಗಳಾಗಿ ಕಟ್ಟಿಕೊಳ್ಳುತ್ತದೆ, ಬಿಸಿಲು ಬಿದ್ದಾಗ ಚುರುಕಾದ ಆಮ್ಲಜನಕದ ರೂಪಗಳನ್ನು ಹುಟ್ಟಿಸಿ ಫೀನಾಲ್ ಮತ್ತು ಬಣ್ಣಗಳನ್ನು ಒಡೆಯುತ್ತದೆ. ಕಡಿಮೆ ಪ್ರಮಾಣದ ಬಣ್ಣವಾದರೆ ಬಿಸಿಲಲ್ಲಿ ಹತ್ತು ನಿಮಿಷದೊಳಗೆ ಕೆಲಸ ಮುಗಿಯಿತು, ಸಾಮಾನ್ಯ ಕೋಣೆಯ ಬಿಸಿಯಲ್ಲಿ 75 ದಿನ ಇಟ್ಟರೂ ಶಕ್ತಿ ಉಳಿದಿತ್ತು ಅನ್ನುವುದು ಅವರ ಫಲಿತಾಂಶ. ಒಳ್ಳೆಯ ಕೆಲಸ, ನನಗೆ ಹೆಮ್ಮೆಯೂ ಇದೆ.

ಆದರೆ ಅದು ಲ್ಯಾಬಿನ ಕೆಲಸ. ಅಲ್ಲಿ ಪರೀಕ್ಷೆಗೆ ತೆಗೆದುಕೊಂಡದ್ದು ಮೈಕ್ರೋಮೋಲಾರ್ ಲೆಕ್ಕದ ಬಣ್ಣ, ಅಂದರೆ ತೀರಾ ತೆಳು. ನಿಮ್ಮ ಬಾನಿಯಿಂದ ಹೊರಬೀಳುವ ನೀರು ಹಾಗಿರುತ್ತದೆಯೇ? ಕೈ ಅದ್ದಿದರೆ ಬೆರಳೇ ಕಾಣುವುದಿಲ್ಲ. ಬೆರಳು ಕಾಣದ ನೀರಿನೊಳಕ್ಕೆ ಬೆಳಕೂ ಇಳಿಯುವುದಿಲ್ಲ, ಮೇಲಿನ ತೆಳು ಪದರದಲ್ಲಷ್ಟೇ ಪುಡಿಗೆ ಬಿಸಿಲು ಸಿಗುತ್ತದೆ, ಕೆಳಗಿನದು ಕತ್ತಲಲ್ಲಿ ಸುಮ್ನೆ ಕೂತಿರುತ್ತದೆ. ಮೇಲಾಗಿ ನಿಮ್ಮ ನೀರಲ್ಲಿ ಉಪ್ಪು, ಸೋಪು, ಆಮ್ಲ, ರೇಷ್ಮೆಯ ಅಂಟು ಎಲ್ಲ ಇರುತ್ತವೆ. ಪುಡಿ ಹುಟ್ಟಿಸುವ ಚುರುಕು ಆಮ್ಲಜನಕ ಬಣ್ಣವನ್ನೇ ಹುಡುಕಿಕೊಂಡು ಹೋಗುವುದಿಲ್ಲ, ಎದುರಿಗೆ ಸಿಕ್ಕಿದ್ದರ ಮೇಲೆ ಬೀಳುತ್ತದೆ, ಅಂಟಿನ ಮೇಲೆಯೇ ಅರ್ಧ ಖರ್ಚಾಗಬಹುದು. ಮಳೆಗಾಲದ ಮೋಡ ಇದ್ದೇ ಇದೆ. ಪ್ಲಾಟಿನಂ ಬೆಲೆಯ ಮಾತು ಬೇರೆ.

ನನಗೆ ಕಾಣುವ ದಾರಿ ಎಂದರೆ, ಈಗಿನ ಶುದ್ಧೀಕರಣವನ್ನು ಮೊದಲು ಮಾಡಿ, ಸುಣ್ಣ ಪಟಿಕ ಹಾಕಿ ಗಷ್ಟು ಇಳಿಸಿ, ಬ್ಯಾಕ್ಟೀರಿಯಾ ತೊಟ್ಟಿ ದಾಟಿಸಿ, ಅದಾದ ಮೇಲೂ ಹಟ ಹಿಡಿದು ಉಳಿಯುವ ಸ್ವಲ್ಪ ಬಣ್ಣಕ್ಕೆ ಕೊನೆಯಲ್ಲಿ ಇಂಥದ್ದು ಬಳಸುವುದು. ಪುಡಿಯನ್ನು ನೀರಿಗೆ ಸುರಿಯದೆ ಗಾಜಿನ ಮೇಲೋ ಜರಡಿಯ ಮೇಲೋ ಅಂಟಿಸಿ, ನೀರನ್ನು ಅದರ ಮೇಲೆ ತೆಳ್ಳಗೆ ಹರಿಸಿದರೆ ಬೆಳಕೂ ಸಿಗುತ್ತದೆ, ಪುಡಿಯೂ ಕೆರೆಗೆ ಹೋಗುವುದಿಲ್ಲ.

ಮಾರಲು ಬಂದವರ ಪುಡಿ ದಯವಿಟ್ಟು ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳಲೇಬೇಕು ಅನ್ನಿಸಿದರೆ ನಿಮ್ಮದೇ ನೀರಿನ ಒಂದು ಕ್ಯಾನು ಕೊಟ್ಟು, ಮುಂಚೆ ಮತ್ತು ಆಮೇಲೆ ಸಿಒಡಿ (ನೀರಿನ ಕೊಳೆಯನ್ನು ಒಡೆಯಲು ಬೇಕಾಗುವ ಆಮ್ಲಜನಕದ ಅಳತೆ) ಎಷ್ಟು ಅಂತ ಹೊರಗಿನ ಲ್ಯಾಬಿನ ರಿಪೋರ್ಟು ಕೇಳಿ. ಬಣ್ಣ ಹೋಗಿದೆ ನೋಡಿ ಅಂತ ಬಾಟಲಿ ಎತ್ತಿ ತೋರಿಸಿದರೆ ಒಪ್ಪಬೇಡಿ. ಕಾರಣ ಮುಂದಿನ ಉತ್ತರದಲ್ಲಿದೆ, ಅದನ್ನೂ ಓದಿ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಒಂದು ನ್ಯಾನೋ ಪುಡಿ ತಯಾರಿಸಿದ್ದೇನೆ. ದೀಪದ ಕೆಳಗೆ ಮೆಥಿಲೀನ್ ಬ್ಲೂ ಶೇಕಡಾ 90 ಮಾಯವಾಯಿತು. ಬೆಳಕಿನ ನ್ಯಾನೋಜೈಮ್ ಎಂದು ಬರೆಯಬಹುದಾ? — ವಿದ್ಯಾರ್ಥಿನಿ, ದಾವಣಗೆರೆ

ಇನ್ನೂ ಬರೆಯಬೇಡಮ್ಮ. ಸ್ವಲ್ಪ ತಡಿ.

ಮೊದಲಿಗೆ, ಪುಡಿ ಹಾಕದೆ ಬರೀ ಮೆಥಿಲೀನ್ ಬ್ಲೂ ಅದೇ ದೀಪದ ಕೆಳಗೆ ಅಷ್ಟೇ ಹೊತ್ತು ಇಟ್ಟೆಯಾ? ಆ ಬಣ್ಣ ತಾನೇ ಬೆಳಕು ಹೀರುತ್ತದೆ, 664 ನ್ಯಾನೋಮೀಟರ್ ಹತ್ತಿರ ಜೋರಾಗಿ ಹೀರುತ್ತದೆ. ಹೀರಿ, ಪಕ್ಕದ ಆಮ್ಲಜನಕವನ್ನು ಸಿಂಗ್ಲೆಟ್ ಆಮ್ಲಜನಕ ಎಂಬ ಚುರುಕು ರೂಪಕ್ಕೆ ತಂದು, ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ. ಪುಡಿ ಇಲ್ಲದೆಯೇ ಶೇಕಡಾ 40 ಹೋಗುತ್ತಿದ್ದರೆ ನಿನ್ನ 90ಕ್ಕೆ ಬೇರೆಯದೇ ಅರ್ಥ ಬರುತ್ತದೆ. ಆಮೇಲೆ ಪುಡಿ ಹಾಕಿ, ದೀಪ ಹಾಕದೆ, ಕತ್ತಲಲ್ಲಿ ಅರ್ಧ ಗಂಟೆ ಕಲಕಿ ನೋಡು. ಬಣ್ಣ ಒಡೆಯದೆ ಕಣದ ಮೈಗೆ ಅಂಟಿಕೊಂಡೂ ಕಣ್ಣಿಗೆ ಮಾಯವಾಗುತ್ತದೆ, ನ್ಯಾನೋ ಕಣಗಳ ಮೈ ಎಷ್ಟು ದೊಡ್ಡದು ಅಂತ ಮೇಲೆ ಹೇಳಿದ್ದೇನಲ್ಲ. ಸೆಂಟ್ರಿಫ್ಯೂಜ್ ಮಾಡಿದಾಗ ತಳದಲ್ಲಿ ಕೂತ ಪುಡಿಯ ಬಣ್ಣ ನೋಡು. ನೀಲಿ ಇದ್ದರೆ ನಿನ್ನ ಮೆಥಿಲೀನ್ ಬ್ಲೂ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ.

ಇನ್ನೊಂದು ಸುಲಭದ ಪರೀಕ್ಷೆ, ಯಂತ್ರ ಏನೂ ಬೇಡ. ತಿಳಿಯಾದ ದ್ರವವನ್ನು ಮುಚ್ಚಿದ ಬಾಟಲಿಯಲ್ಲಿ ಗಾಳಿ ಇರುವಂತೆ ಜೋರಾಗಿ ಕುಲುಕು. ಮೆಥಿಲೀನ್ ಬ್ಲೂ ಎಲೆಕ್ಟ್ರಾನ್ ತೆಗೆದುಕೊಂಡರೆ ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ಹೋಗುತ್ತದೆ, ಗಾಳಿ ಸಿಕ್ಕ ಕೂಡಲೇ ಮತ್ತೆ ನೀಲಿಯಾಗುತ್ತದೆ. ಕುಲುಕಿದಾಗ ನೀಲಿ ವಾಪಸು ಬಂದರೆ ಅದು ಒಡೆದಿಲ್ಲ, ವೇಷ ಬದಲಿಸಿತ್ತು ಅಷ್ಟೇ. ಒಡೆದಿದ್ದರೂ ಪೂರ್ತಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಯಿತು ಅಂತ ಅರ್ಥವಲ್ಲ. ಬಣ್ಣ ಕೊಡುವ ಒಂದು ಕೊಂಡಿ ತುಂಡಾದರೆ ಸಾಕು ಕಣ್ಣಿಗೆ ತಿಳಿನೀರು, ಉಳಿದ ಚೂರುಗಳು ನೀರಲ್ಲೇ ಇರುತ್ತವೆ, ಕೆಲವು ಸಲ ಆ ಚೂರು ಮೂಲ ಬಣ್ಣಕ್ಕಿಂತ ಹೆಚ್ಚು ವಿಷ. ಒಟ್ಟು ಸಾವಯವ ಇಂಗಾಲ, ಅಂದರೆ ಟಿಒಸಿ, ಎಷ್ಟು ಇಳಿಯಿತು ಅಂತ ಅಳೆಯದೆ ನೀರು ಶುದ್ಧವಾಯಿತು ಅನ್ನುವ ಪದವನ್ನು ಬಳಸಲೇಬೇಡ. ಈ ಒಂದು ವಿಷಯಕ್ಕೆ ನಾನು ಪತ್ರ ಬರೆದವರ ಹತ್ತಿರ ಸುಮಾರು ಸಲ ಜಗಳವಾಡಿದ್ದೇನೆ. ನಾಳೆ ಆ ನೀರು ಯಾರದ್ದೋ ಹೊಲಕ್ಕೆ ಹೋಗುತ್ತದೆ.

ಇನ್ನು ಜೈಮ್ ಅನ್ನುವ ಭಾಗ. ಬಣ್ಣ ಒಡೆದ ಮಾತ್ರಕ್ಕೆ ಅದು ಬೆಳಕಿನ ವೇಗವರ್ಧಕ ಆಯಿತು, ಕಿಣ್ವದ ಥರ ಆಗಲಿಲ್ಲ. ಪುಡಿ ಅಷ್ಟೇ ಇಟ್ಟು, ಒಡೆಯಬೇಕಾದ ವಸ್ತುವಿನ ಪ್ರಮಾಣ ಏರಿಸುತ್ತಾ ಹೋದಂತೆ ವೇಗ ಏರಿ ಒಂದು ಹಂತದಲ್ಲಿ ಸಮ ಆಗುತ್ತದೆಯೇ ನೋಡು, ಬಿಎಸ್ಸಿಯಲ್ಲಿ ಓದಿದ ಮೈಕೇಲಿಸ್–ಮೆಂಟೆನ್ ರೇಖೆ ಅದೇ. ಕೆಲವರು ಇಷ್ಟಕ್ಕೇ ತೃಪ್ತಿಪಟ್ಟು ನ್ಯಾನೋಜೈಮ್ ಅಂದುಬಿಡುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ, ಮೈ ತುಂಬಿದ ಮೇಲೆ ವೇಗ ನಿಲ್ಲುವುದು ಯಾವ ಗಟ್ಟಿ ವೇಗವರ್ಧಕದಲ್ಲೂ ಇರುವ ಗುಣ. ಕಿಣ್ವದ ನಿಜವಾದ ಹೆಗ್ಗಳಿಕೆ ಇರೋದು ಆರಿಸಿಕೊಳ್ಳುವುದರಲ್ಲಿ. ಹತ್ತು ಅಣುಗಳ ಮಧ್ಯೆ ಒಂದನ್ನೇ ಹಿಡಿಯುವುದು. ನಿನ್ನ ಪುಡಿ ಮೆಥಿಲೀನ್ ಬ್ಲೂ ಮತ್ತು ಬೇರೆರಡು ಬಣ್ಣ ಒಟ್ಟಿಗೆ ಇದ್ದಾಗ ಏನು ಮಾಡುತ್ತದೆ ಅಂತ ಒಂದು ಪ್ರಯೋಗ ಮಾಡಿದರೂ ನಿನ್ನ ಪ್ರಾಜೆಕ್ಟು ಎಷ್ಟೋ ಮೇಲೇರುತ್ತದೆ. ಕಬ್ಬಿಣದ ಒಂದೊಂದೇ ಪರಮಾಣುವನ್ನು ನಾಲ್ಕು ನೈಟ್ರೋಜನ್ ನಡುವೆ ಕೂರಿಸಿ, ರಕ್ತದ ಹೀಮ್ ಹೇಗಿದೆಯೋ ಹಾಗೇ ಇಂಗಾಲದ ಹಾಳೆಯ ಮೇಲೆ ಕಟ್ಟುವ ಕೆಲಸ ಈಗ ಜೋರಾಗಿ ನಡೆದಿದೆ. ಗುರಿಯಿಟ್ಟ ಅಣುವಿನ ಅಚ್ಚು ಇರುವ ಪಾಲಿಮರ್ ಹೊದಿಸುವವರೂ ಇದ್ದಾರೆ. ನಕಲು ಅನ್ನುವ ಮಾತಿಗೆ ಅರ್ಥ ಬರುವುದು ಅಂಥ ಕಡೆ.

ಮರೆಯಬಾರದ ಸಣ್ಣಪುಟ್ಟ ವಿಷಯ: ದೀಪದ ಬಿಸಿಗೆ ದ್ರವ ಕಾದು ವೇಗ ಏರಿರಬಹುದು, ನೀರಿನ ಹೊದಿಕೆ ಇಟ್ಟು ತಾಪ ಹಿಡಿದಿಡು. ಕಣದಿಂದ ಲೋಹ ಕರಗಿ ನೀರಿಗೆ ಇಳಿದು ಅದೇ ಕೆಲಸ ಮಾಡುತ್ತಿರಬಹುದು, ಕಣಗಳನ್ನು ಪೂರ್ತಿ ತೆಗೆದ ಮೇಲೂ ಉಳಿದ ದ್ರವ ಕೆಲಸ ಮುಂದುವರಿಸುತ್ತದೆಯೇ ಪರೀಕ್ಷಿಸು. ಟಿಎಂಬಿ ಬಳಸುವುದಾದರೆ ಎಲ್ಲರೂ ಪಿಎಚ್ 4ರ ಹತ್ತಿರ ಅಳೆಯುತ್ತಾರೆ, ಅಲ್ಲಿ ಅಂಕಿ ಚೆನ್ನಾಗಿ ಬರುತ್ತದೆ. ರಕ್ತದ ಪಿಎಚ್ 7.4. ವೈದ್ಯಕೀಯ ಉಪಯೋಗ ಅಂತ ಬರೆಯುವುದಾದರೆ 7.4ರಲ್ಲಿ ಅಳೆದ ಅಂಕಿಯನ್ನೂ ಕೊಡು, ಅದು ಎಷ್ಟೇ ಕಮ್ಮಿ ಬಂದಿರಲಿ.

ಪ್ರಶ್ನೆ: ಬೆಳಕಿನ ನ್ಯಾನೋ ಕಣದಿಂದ ಕ್ಯಾನ್ಸರ್ ವಾಸಿ ಆಗುತ್ತೆ ಅಂತ ವಿಡಿಯೋ ಬಂತು. ನಮ್ಮ ಅತ್ತೆಗೆ ಕೀಮೋ ನಡೀತಿದೆ, ಅದನ್ನು ನಿಲ್ಲಿಸಿ ಇದಕ್ಕೆ ಹೋಗೋಣ್ವಾ? — ಓದುಗರು, ಮೈಸೂರು

ದಯವಿಟ್ಟು ನಿಲ್ಲಿಸಬೇಡಿ. ಡಾಕ್ಟರು ಹೇಳಿದ ಚಿಕಿತ್ಸೆಯನ್ನೇ ಮುಂದುವರಿಸಿ.

ವಿಡಿಯೋದಲ್ಲಿರುವ ವಿಷಯದ ಬೇರು ಸುಳ್ಳಲ್ಲ. ಬೆಳಕಿಗೆ ಸ್ಪಂದಿಸುವ ಔಷಧ ಕೊಟ್ಟು, ಗಡ್ಡೆಯ ಮೇಲೆ ಮಾತ್ರ ಬೆಳಕು ಬಿಟ್ಟು, ಅಲ್ಲೇ ಚುರುಕು ಆಮ್ಲಜನಕ ಹುಟ್ಟಿಸಿ ಜೀವಕೋಶ ಕೊಲ್ಲುವ ಚಿಕಿತ್ಸೆ ಹಳೆಯದು. ಫೋಟೋಫ್ರಿನ್ ಎಂಬ ಔಷಧಕ್ಕೆ 1993ರಲ್ಲೇ ಕೆನಡಾದಲ್ಲಿ ಒಪ್ಪಿಗೆ ಸಿಕ್ಕಿತ್ತು. ಅದು ನ್ಯಾನೋಜೈಮ್ ಅಲ್ಲ, ಮಾಮೂಲಿ ಅಣು. ಅದಕ್ಕೆ ಎರಡು ತೊಡಕು. ಬೆಳಕು ಮೈಯೊಳಗೆ ಆಳಕ್ಕೆ ಹೋಗುವುದಿಲ್ಲ, ಕೆಂಪು ಬೆಳಕಾದರೂ ಹೆಚ್ಚು ದೂರ ಇಳಿಯದು. ಇನ್ನೊಂದು, ಗಟ್ಟಿ ಗಡ್ಡೆಗಳ ಒಳಗೆ ಆಮ್ಲಜನಕವೇ ಕಮ್ಮಿ, ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ ಜಾಸ್ತಿ. ಇಲ್ಲಿ ನ್ಯಾನೋಜೈಮ್ ಜನ ಜಾಣತನ ತೋರಿಸಿದ್ದಾರೆ. ಕ್ಯಾಟಲೇಸ್ ಥರ ಕೆಲಸ ಮಾಡುವ ಮ್ಯಾಂಗನೀಸ್ ಡೈಆಕ್ಸೈಡ್ ಕಣ ಕಳಿಸಿದರೆ ಅದು ಗಡ್ಡೆಯ ಪೆರಾಕ್ಸೈಡನ್ನೇ ಒಡೆದು ಆಮ್ಲಜನಕ ಕೊಡುತ್ತದೆ, ಬೆಳಕಿನ ಔಷಧಕ್ಕೆ ಬಲ ಬರುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿ ಕಂಡಿದೆ. ಆದರೆ ಇಲಿಯಿಂದ ಮನುಷ್ಯರವರೆಗೆ ದೂರ ತುಂಬಾ ಇದೆ. ಕಣಗಳು ಕೆಲಸ ಮುಗಿಸಿ ಯಕೃತ್ತು ಗುಲ್ಮಗಳಲ್ಲಿ ಎಷ್ಟು ಕಾಲ ಕೂರುತ್ತವೆ, ಏನು ಮಾಡುತ್ತವೆ ಅನ್ನುವುದನ್ನು ಒಂದೊಂದು ಕಣಕ್ಕೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅತ್ತೆಯವರ ಡಾಕ್ಟರಿಗೆ ಆ ವಿಡಿಯೋ ತೋರಿಸಿ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ. ಅವರು ಬೇಗ ಚೇತರಿಸಿಕೊಳ್ಳಲಿ.

ಪ್ರಶ್ನೆ: ಈ ಪುಡಿ ಕೆರೆಗೆ ಸುರಿದರೆ ಮೀನಿಗೆ ತೊಂದರೆ ಇಲ್ವಾ? — ಓದುಗರು, ತುಮಕೂರು

ಇರಬಹುದು, ಅದಕ್ಕೇ ಸುರಿಯಬಾರದು. ಚುರುಕು ಆಮ್ಲಜನಕಕ್ಕೆ ಬಣ್ಣದ ಅಣುವೂ ಒಂದೇ, ಮೀನಿನ ಕಿವಿರೂ ಒಂದೇ. ಅಂಟಿಸಿ ಬಳಸುವುದು, ಇಲ್ಲವೇ ಅಯಸ್ಕಾಂತಕ್ಕೆ ಸಿಗುವ ಕಣ ಬಳಸಿ ಎಳೆದುಕೊಳ್ಳುವುದು, ಇವೆರಡೇ ನನಗೆ ಒಪ್ಪಿಗೆ.

ಪ್ರಶ್ನೆ: ಮಗಳು ಎರಡನೇ ಪಿಯುಸಿ. ನಿಮ್ಮ ಅಂಕಣ ಓದಿ ಇದನ್ನೇ ಓದಬೇಕು ಅಂತಿದ್ದಾಳೆ. ಕರ್ನಾಟಕದಲ್ಲಿ ಅವಕಾಶ ಇದೆಯಾ? — ತಂದೆ, ಚಿಕ್ಕಮಗಳೂರು

ಈ ವಿಷಯಕ್ಕೆ ದೇಶದಲ್ಲೇ ಒಳ್ಳೆಯ ಜಾಗ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡ ವರ್ಷಗಟ್ಟಲೆ ನ್ಯಾನೋಜೈಮ್ ಮೇಲೆ ದುಡಿದಿದೆ. ವನೇಡಿಯಂ ಆಕ್ಸೈಡ್‌ನ ನ್ಯಾನೋ ತಂತಿಗಳು ಜೀವಕೋಶದೊಳಗೆ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಹಾಗೆ ಕೆಲಸ ಮಾಡಿ ಕೋಶವನ್ನು ಕಾಯುತ್ತವೆ ಅಂತ 2014ರಲ್ಲಿ ತೋರಿಸಿದವರು ಅವರೇ. ಅದು ಬೆಳಕಿಲ್ಲದೆ ನಡೆಯುವ ಕೆಲಸ, ಆದರೂ ಯಾವುದೋ ಲೋಹದ ಆಕ್ಸೈಡ್ ಇಷ್ಟು ನಾಜೂಕಾಗಿ ವರ್ತಿಸಬಹುದು ಅನ್ನುವುದೇ ಆಗ ದೊಡ್ಡ ಸುದ್ದಿ. ಅವರಿಗೆ 2019ರ ಇನ್ಫೋಸಿಸ್ ಪ್ರಶಸ್ತಿಯೂ ಬಂತು. ಅಲ್ಲಿ ಪಿಯುಸಿ ಆದ ಮೇಲೆ ಸೇರುವ 4 ವರ್ಷದ ಬಿ.ಎಸ್. ಕೋರ್ಸ್ ಇದೆ, ಪೈಪೋಟಿ ಜೋರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬೆಳಕಿನಿಂದ ನೀರು ಒಡೆಯುವ ಕೆಲಸ ನಡೆದಿದೆ, ಬಿ.ಎಸ್ಸಿ. ಓದುವವರನ್ನು ಬೇಸಿಗೆಯಲ್ಲಿ ಲ್ಯಾಬಿಗೆ ಕರೆದು ಕಲಿಸುವ ಕಾರ್ಯಕ್ರಮಗಳೂ ಅಲ್ಲಿವೆ. ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿ ಬೇಸಿಗೆಯ ಸಂಶೋಧನಾ ಫೆಲೋಶಿಪ್ ಕೊಡುತ್ತದೆ, ಅದಕ್ಕೆ ಮಕ್ಕಳಷ್ಟೇ ಅಲ್ಲ, ಕಾಲೇಜು ಮೇಷ್ಟ್ರುಗಳೂ ಅರ್ಜಿ ಹಾಕಬಹುದು.

ಅಲ್ಲಿ ಸೀಟು ಸಿಗದಿದ್ದರೆ ಬೇಜಾರು ಬೇಡ, ಊರ ಹತ್ತಿರದ ಕಾಲೇಜಿನಲ್ಲೇ ಬಿ.ಎಸ್ಸಿ. ಓದಿ ಬೇಸಿಗೆಯಲ್ಲಿ ಇಂಥ ಕಡೆ ಹೋಗಿ ಬರಬಹುದು. ಕೆಮಿಸ್ಟ್ರಿ ಜೊತೆ ಫಿಸಿಕ್ಸ್ ಬಿಡಬೇಡ ಅಂತ ಹೇಳಿ. ಬೆಳಕು, ಅರೆವಾಹಕ, ಎಲೆಕ್ಟ್ರಾನ್ ಪಟ್ಟಿ ಅರ್ಥವಾಗದೆ ಈ ಕೆಲಸದಲ್ಲಿ ಮುಂದೆ ಹೋಗುವುದು ಕಷ್ಟ. ಬಯಾಲಜಿಯನ್ನು ಆಮೇಲೂ ಕಲಿಯಬಹುದು.